ಜೀಪಿನ ಕಿಡಿ: ಪಾಯಿಂಟ್ ಇರಲೋ, ಎಲೆಕ್ಟ್ರಾನಿಕ್ ಬರಲೋ?

ಕೊಳ್ಳೇಗಾಲದ ದಾರಿಯಲ್ಲಿ ಸಾಗುವ ದೊಡ್ಡ ಡೀಸೆಲ್ ಲಾರಿಯೊಂದನ್ನು ನಿಲ್ಲಿಸಿ, ಅದರ ಸ್ಪಾರ್ಕ್ ಪ್ಲಗ್ ಎಲ್ಲಿದೆ ತೋರಿಸಿ ಎಂದು ಚಾಲಕನನ್ನು ಕೇಳಿದರೆ ಆತ ನಕ್ಕುಬಿಡುತ್ತಾನೆ. ಡೀಸೆಲ್ ಇಂಜಿನ್ನಿಗೆ ಪ್ಲಗ್ ಇಲ್ಲ, ಕಾಯಿಲ್ ಇಲ್ಲ, ಕಿಡಿಯೂ ಇಲ್ಲ. ಸಿಲಿಂಡರಿನೊಳಗೆ ಎಳೆದುಕೊಂಡ ಗಾಳಿಯನ್ನು ಪಿಸ್ಟನ್ ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮುತ್ತದೆ. ಅಷ್ಟಕ್ಕೇ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿ ಗಾಳಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್ನಿನ ಮಾತು ಬೇರೆ. ಅಲ್ಲಿ ಹಳೆಯ ಕಾಲದ ಅದುಮುವಿಕೆ ಏಳಕ್ಕೆ ಒಂದರಷ್ಟು ಮಾತ್ರ. ಸರಿಯಾದ ಗಳಿಗೆಯಲ್ಲಿ ಹೊರಗಿನಿಂದ ಕಿಡಿ ಕೊಡದಿದ್ದರೆ ಅದು ಕೆಲಸ ಮಾಡದು.

ನಮ್ಮ ದೇಶದ ಲಾರಿಗಳೂ ಒಂದು ಕಾಲದಲ್ಲಿ ಕಿಡಿಯನ್ನೇ ನಂಬಿದ್ದವು. 1928ರಿಂದ ಮುಂಬಯಿಯಲ್ಲಿ ಷೆವ್ರೊಲೆ ವಾಹನಗಳ ಜೋಡಣೆ ನಡೆಯಿತು. ಸ್ವಾತಂತ್ರ್ಯದ ಹೊತ್ತಿಗೆ ಡಾಡ್ಜ್, ಫಾರ್ಗೋ ಲಾರಿಗಳು ಬಂದವು. 1954ರಲ್ಲಿ ಜಮ್ಷೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಬೆಂಜ್ ಡೀಸೆಲ್ ಲಾರಿ ಹೊರಬಂದ ಮೇಲೆ ಪೆಟ್ರೋಲ್ ಲಾರಿಗಳು ಒಂದೊಂದಾಗಿ ಮೂಲೆ ಸೇರಿದವು. ಆದರೆ ಬೆಟ್ಟ, ಕಾಡು, ತೋಟಗಳ ಸೀಮೆಯಲ್ಲಿ ಇನ್ನೊಂದು ಗಾಡಿ ಗಟ್ಟಿಯಾಗಿ ಉಳಿದುಕೊಂಡಿತು. ಅದೇ ಜೀಪು. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ತಂದ ಸಿ.ಜೆ. 3ಬಿ ಮಾದರಿಯನ್ನು ಮಹೀಂದ್ರ ಕಂಪನಿ ಪರವಾನಗಿ ಪಡೆದು ಇಲ್ಲಿ ತಯಾರಿಸಿತು. ಅದರ ‘ಹರಿಕೇನ್’ ಇಂಜಿನ್ ನಾಲ್ಕು ಸಿಲಿಂಡರಿನದು, 2.2 ಲೀಟರಿನದು, ಪೆಟ್ರೋಲಿನದು. ಇಂಧನದ ಖರ್ಚಿಗೆ ಹೆದರಿ ಅನೇಕರು ಅದನ್ನು ತೆಗೆಸಿ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ಮೂಲ ಇಂಜಿನ್ನನ್ನೇ ಉಳಿಸಿಕೊಂಡವರ ಮುಂದೆ ಇಂದು ಬೇರೆಯೇ ಪ್ರಶ್ನೆ ನಿಂತಿದೆ.

ಹನೂರಿನಾಚೆ, ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಜಮೀನಿರುವ ಒಂದು ಮನೆ ಎಂದಿಟ್ಟುಕೊಳ್ಳಿ. ಅಜ್ಜನ ಕಾಲದ ಪೆಟ್ರೋಲ್ ಜೀಪು ಅಲ್ಲಿ ಇನ್ನೂ ದುಡಿಯುತ್ತಿದೆ. ಗೊಬ್ಬರದ ಮೂಟೆಗೂ ಅದೇ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಕೊಳ್ಳೇಗಾಲದ ಆಸ್ಪತ್ರೆಗೂ ಅದೇ. ಈಚೆಗೆ ಬೆಳಗಿನ ಹೊತ್ತು ಸ್ಟಾರ್ಟ್ ಆಗಲು ತಕರಾರು, ಏರಿನಲ್ಲಿ ಮುಗ್ಗರಿಸುವುದು ಬೇರೆ. ಪಿ.ಯು.ಸಿ. ವಿಜ್ಞಾನ ಓದುತ್ತಿರುವ ಮಗಳು, “ಅಪ್ಪಾ, ಈ ಪಾಯಿಂಟ್ ಕಾಟ ಸಾಕು, ಎಲೆಕ್ಟ್ರಾನಿಕ್ ಕಿಟ್ ಹಾಕಿಸಿಬಿಡೋಣ” ಎನ್ನುತ್ತಾಳೆ. “ಕಾಡೊಳಗೆ ಅದು ಕೆಟ್ರೆ ಯಾರ್ನವ್ವ ಕರೆಯೋದು? ಪಾಯಿಂಟ್ ಆದ್ರೆ ನಾನೇ ಉಜ್ಜಿ ಹಾಕ್ಕೊಳ್ತೀನಿ ಕನ” ಎನ್ನುತ್ತಾನೆ ಅಪ್ಪ. ಇಬ್ಬರ ಮಾತಿನಲ್ಲೂ ಹುರುಳಿದೆ. ಯಾರ ಮಾತು ನಿಲ್ಲಬೇಕು ಎನ್ನುವುದನ್ನು ತೀರ್ಮಾನಿಸಲು ಮಗಳ ಭೌತಶಾಸ್ತ್ರದ ಪುಸ್ತಕವೂ ಬೇಕು, ಅಪ್ಪನ ಅನುಭವವೂ ಬೇಕು.

ಹನ್ನೆರಡು ವೋಲ್ಟು ಇಪ್ಪತ್ತು ಸಾವಿರ ಆಗುವ ಬಗೆ

ಅದುಮಿದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣದೊಳಗೆ, ಪ್ಲಗ್ಗಿನ ತುದಿಯ ಮುಕ್ಕಾಲು ಮಿಲಿಮೀಟರಿನಷ್ಟು ಸಂದಿಯನ್ನು ಕಿಡಿ ಹಾರಿ ದಾಟಬೇಕಾದರೆ ಹತ್ತು ಸಾವಿರ ವೋಲ್ಟಿನ ಆಸುಪಾಸು ಬೇಕು. ಕಾಯಿಲ್ ಇಪ್ಪತ್ತು ಸಾವಿರದವರೆಗೂ ಕೊಡಬಲ್ಲದು. ಬ್ಯಾಟರಿಯಲ್ಲಿ ಇರುವುದು ಬರೀ 12, ತೀರ ಹಳೆಯ ಗಾಡಿಗಳಲ್ಲಿ 6.

ವೋಲ್ಟೇಜು ಏರಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 147 ಕಿಲೋಮೀಟರ್ ದೂರಕ್ಕೆ, ವಿದ್ಯುತ್ ಹೋದದ್ದು ಪರಿವರ್ತಕಗಳು ವೋಲ್ಟೇಜನ್ನು ಏರಿಸಿ ಕೊಟ್ಟಿದ್ದರಿಂದಲೇ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಅದರ ಮೂಲ. ಒಂದು ಸುರುಳಿಯ ಕಾಂತಕ್ಷೇತ್ರ ಬದಲಾದರೆ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಎರಡನೆಯದರಲ್ಲಿ ಸುತ್ತುಗಳು ಹೆಚ್ಚಿದ್ದಷ್ಟೂ ವೋಲ್ಟೇಜು ಹೆಚ್ಚು.

ಇಲ್ಲಿ ‘ಬದಲಾದರೆ’ ಎನ್ನುವ ಪದವೇ ಮುಖ್ಯ. ಶಿವನಸಮುದ್ರದ್ದು ಪರ್ಯಾಯ ವಿದ್ಯುತ್ತು, ತಾನಾಗಿಯೇ ಬದಲಾಗುತ್ತಿರುತ್ತದೆ. ಬ್ಯಾಟರಿಯದು ನೇರ ವಿದ್ಯುತ್ತು. ಅದನ್ನು ಕಾಯಿಲಿಗೆ ಸುಮ್ಮನೆ ಹರಿಯಬಿಟ್ಟರೆ ಕಾಯಿಲ್ ಬಿಸಿಯಾಗುತ್ತದೆಯೇ ಹೊರತು ಕಿಡಿ ಬರುವುದಿಲ್ಲ. ಆದ್ದರಿಂದ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿಯಬೇಕು. ಕಡಿದ ಕ್ಷಣ ಕಾಂತಕ್ಷೇತ್ರ ಕುಸಿಯುತ್ತದೆ, ಮೊದಲ ಸುರುಳಿಯಲ್ಲೇ 200ರಿಂದ 300 ವೋಲ್ಟು ಚಿಮ್ಮುತ್ತದೆ. ಎರಡನೆಯ ಸುರುಳಿಯಲ್ಲಿ ನೂರು ಪಟ್ಟಿನ ಹತ್ತಿರ ಸುತ್ತುಗಳಿರುವುದರಿಂದ ಅದು ಇಪ್ಪತ್ತು ಸಾವಿರ ಮುಟ್ಟುತ್ತದೆ. 12ನ್ನು ನೂರರಿಂದ ಗುಣಿಸಿದರೆ 1,200 ಮಾತ್ರವಲ್ಲವೇ ಎಂದು ತಕರಾರು ತೆಗೆಯುವ ವಿದ್ಯಾರ್ಥಿಗೆ ಉತ್ತರ ಇಲ್ಲಿದೆ.

ಹೀಗೆ ವಿದ್ಯುತ್ತನ್ನು ಕಡಿಯುವ ಕೆಲಸ ಪಾಯಿಂಟಿನದು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ರೋಟರನ್ನು ಎತ್ತಿದರೆ ಕಾಣುವ ಎರಡು ಪುಟ್ಟ ಲೋಹದ ಗುಂಡಿಗಳೇ ಅವು. ನಡುವೆ ತಿರುಗುವ ಕ್ಯಾಮಿನ ಉಬ್ಬು ತಾಗಿದಾಗಲೆಲ್ಲ ಅವು ಬಿಡುತ್ತವೆ, ಉಬ್ಬು ದಾಟಿದೊಡನೆ ಕೂಡುತ್ತವೆ. ಬಿಟ್ಟಾಗಿನ ಸಂದಿ ಈ ಜೀಪಿಗೆ ಅರ್ಧ ಮಿಲಿಮೀಟರು. ಪಕ್ಕದಲ್ಲೇ ಇರುವ ಕಂಡೆನ್ಸರ್, ಅಂದರೆ ಪಠ್ಯದ ಧಾರಕ, ಪಾಯಿಂಟುಗಳ ನಡುವೆ ಕಿಡಿ ಹಾರಿ ಅವು ಸುಟ್ಟುಹೋಗದಂತೆ ತಡೆಯುತ್ತದೆ. ಕಾಂತಕ್ಷೇತ್ರ ಬೇಗ ಕುಸಿಯಲು ಕೂಡ ಅದೇ ಕಾರಣ. ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕದ ಇಂಜಿನಿಯರ್ 1910ರ ಸುಮಾರಿಗೆ ಕ್ಯಾಡಿಲಾಕ್ ಕಾರುಗಳಿಗಾಗಿ ರೂಪಿಸಿದ ಈ ಏರ್ಪಾಡು ಅರವತ್ತು ವರ್ಷ ಲೋಕವನ್ನೆಲ್ಲ ಆಳಿತು. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳನ್ನು ಓಡಿಸಿದವರಿಗೂ ಪಾಯಿಂಟ್ ಉಜ್ಜುವ ಕೆಲಸ ಚೆನ್ನಾಗಿ ಗೊತ್ತು.

ಪಾಯಿಂಟಿನ ದೋಷ, ಟ್ರಾನ್ಸಿಸ್ಟರಿನ ಗುಣ

ಪಾಯಿಂಟಿಗೆ ಎರಡು ಕಾಯಿಲೆ. ಒಂದು, ಗುಂಡಿಗಳ ಮುಖ ಸುಟ್ಟು ಕಪ್ಪಾಗಿ, ಒಂದರ ಮೇಲೆ ಗುಳಿ, ಇನ್ನೊಂದರ ಮೇಲೆ ಮೊಡವೆಯಂಥ ಗುಬುಟು ಏಳುತ್ತದೆ. ಎರಡು, ಕ್ಯಾಮಿಗೆ ತಾಗುವ ನಾರಿನ ತುಂಡು ಸವೆಯುತ್ತದೆ. ಅದು ಸವೆದಷ್ಟೂ ಸಂದಿ ಕಿರಿದಾಗಿ, ಪಾಯಿಂಟ್ ತಡವಾಗಿ ಬಿಡುತ್ತದೆ, ಕಿಡಿ ತಡವಾಗಿ ಹಾರುತ್ತದೆ. ತಡವಾದ ಕಿಡಿಯಿಂದ ಶಕ್ತಿ ಇಳಿಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಏರಿನಲ್ಲಿ ಇಂಜಿನ್ ಕಾಯುತ್ತದೆ. ಮಗಳು ಹೇಳುವ ಕಾಟ ಇದೇ.

ಎಲೆಕ್ಟ್ರಾನಿಕ್ ಕಿಟ್ಟಿನಲ್ಲಿ ಒಂದಕ್ಕೊಂದು ತಾಗುವ ಭಾಗವೇ ಇಲ್ಲ. ಕ್ಯಾಮಿನ ಮೇಲೆ ಅಯಸ್ಕಾಂತಗಳಿರುವ ಒಂದು ಉಂಗುರ ಕೂರುತ್ತದೆ. ಪಕ್ಕದ ತಟ್ಟೆಯ ಮೇಲೆ ಚಿಕ್ಕ ಸಂವೇದಕ. ವಿದ್ಯುತ್ ಹರಿಯುವ ವಾಹಕವನ್ನು ಕಾಂತಕ್ಷೇತ್ರದಲ್ಲಿ ಇಟ್ಟರೆ ಅದರ ಅಡ್ಡಡ್ಡಲಾಗಿ ಸಣ್ಣ ವೋಲ್ಟೇಜು ಹುಟ್ಟುತ್ತದೆ ಎಂದು 1879ರಲ್ಲಿ ಎಡ್ವಿನ್ ಹಾಲ್ ತೋರಿಸಿದ್ದನಲ್ಲ, ಅದೇ ‘ಹಾಲ್ ಪರಿಣಾಮ’ ಇಲ್ಲಿ ಕೆಲಸಕ್ಕೆ ಬಂದಿದೆ. ಅಯಸ್ಕಾಂತ ದಾಟಿದಾಗಲೆಲ್ಲ ಸಂವೇದಕ ಸುಳಿವು ಕೊಡುತ್ತದೆ, ಟ್ರಾನ್ಸಿಸ್ಟರ್ ವಿದ್ಯುತ್ತನ್ನು ಕಡಿಯುತ್ತದೆ. ಉಜ್ಜುವಿಕೆ ಇಲ್ಲ, ಸವೆತ ಇಲ್ಲ, ಒಮ್ಮೆ ಹೊಂದಿಸಿದ ಕಾಲ ಕದಲುವುದಿಲ್ಲ. ಪಾಯಿಂಟು ನಾಲ್ಕು ಆಂಪಿಯರಿನ ಮೇಲೆ ಹೆಚ್ಚು ತಾಳಲಾರದು, ಟ್ರಾನ್ಸಿಸ್ಟರು ಅದಕ್ಕಿಂತ ಹೆಚ್ಚನ್ನು ಸುಲಭವಾಗಿ ನಿಭಾಯಿಸುತ್ತದೆ. ಅಮೆರಿಕದ ಕ್ರೈಸ್ಲರ್ ಕಂಪನಿ 1973ರ ಹೊತ್ತಿಗೆ ತನ್ನ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸಿದ್ದು ಸುಮ್ಮನೆ ಅಲ್ಲ.

ಲೆಕ್ಕ ಏನು ಹೇಳುತ್ತದೆ?

ಆದರೆ ಕ್ರೈಸ್ಲರ್ ಕಾರಿಗೆ ಬೇಕಾದದ್ದು ಜೀಪಿಗೂ ಬೇಕೇ? ಒಂದು ಚಿಕ್ಕ ಲೆಕ್ಕ ಹಾಕಿ ನೋಡಬಹುದು.

ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡು ಸುತ್ತಿಗೆ ಒಂದು ಕಿಡಿ. ನಾಲ್ಕು ಸಿಲಿಂಡರಿನ ಜೀಪು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ನಿಮಿಷಕ್ಕೆ 6,000 ಕಿಡಿ, ಅಂದರೆ ಸೆಕೆಂಡಿಗೆ 100. ಒಂದು ಕಿಡಿಯಿಂದ ಇನ್ನೊಂದಕ್ಕೆ 10 ಮಿಲಿಸೆಕೆಂಡು. ಅದರಲ್ಲಿ ಅರ್ಧ ಕಾಲ ಪಾಯಿಂಟ್ ಕೂಡಿರುತ್ತದೆ ಎಂದುಕೊಂಡರೆ, ಕಾಯಿಲ್ ತುಂಬಿಕೊಳ್ಳಲು ಸಿಗುವುದು 5 ಮಿಲಿಸೆಕೆಂಡು.

ಕಾಯಿಲಿನಲ್ಲಿ ವಿದ್ಯುತ್ ಒಮ್ಮೆಲೇ ಏರುವುದಿಲ್ಲ. ಬಿಂದಿಗೆಗೆ ನೀರು ತುಂಬಿದ ಹಾಗೆ ಸಮಯ ಹಿಡಿಯುತ್ತದೆ. ಉದಾಹರಣೆಗೆ ಕಾಯಿಲಿನ ಪ್ರೇರಕತೆ 10 ಮಿಲಿಹೆನ್ರಿ, ರೋಧ 3 ಓಮ್ ಇರಲಿ. 12 ವೋಲ್ಟಿಗೆ ಅದರ ಪೂರ್ಣ ವಿದ್ಯುತ್ 4 ಆಂಪಿಯರು. ಸೂತ್ರ ಹಾಕಿದರೆ 5 ಮಿಲಿಸೆಕೆಂಡಿನಲ್ಲಿ ಅದರ ಶೇಕಡಾ 78ರಷ್ಟು ತುಂಬುತ್ತದೆ. ಘಾಟಿಯ ಏರಿನಲ್ಲಿ ಜೀಪು 1,500 ಸುತ್ತಿನಲ್ಲಿ ನಿಧಾನವಾಗಿ ಎಳೆಯುವಾಗ 10 ಮಿಲಿಸೆಕೆಂಡು ಸಿಗುತ್ತದೆ, ಶೇಕಡಾ 95 ತುಂಬುತ್ತದೆ. ಇದಕ್ಕೆ ಬದಲು ಎಂಟು ಸಿಲಿಂಡರಿನ ಅಮೆರಿಕನ್ ಕಾರು 5,000 ಸುತ್ತಿನಲ್ಲಿ ಓಡುತ್ತಿದೆ ಎನ್ನಿ. ಸೆಕೆಂಡಿಗೆ 333 ಕಿಡಿ ಬೇಕು, ತುಂಬಿಕೊಳ್ಳಲು ಸಿಗುವುದು ಒಂದೂವರೆ ಮಿಲಿಸೆಕೆಂಡು, ತುಂಬುವುದು ಶೇಕಡಾ 36 ಮಾತ್ರ. ಶಕ್ತಿಯು ವಿದ್ಯುತ್ತಿನ ವರ್ಗಕ್ಕೆ ಅನುಪಾತದಲ್ಲಿ ಇರುವುದರಿಂದ ಕಿಡಿಯ ಬಲ ಪೂರ್ಣದ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ವೇಗದ ಕಾರುಗಳಲ್ಲಿ ಪಾಯಿಂಟು ಸೋತದ್ದು ಇಲ್ಲಿಯೇ. ನಿಧಾನದ ಜೀಪಿಗೆ ಆ ತೊಂದರೆಯೇ ಇಲ್ಲ. “ಎಲೆಕ್ಟ್ರಾನಿಕ್ ಹಾಕಿದರೆ ಗಾಡಿ ಹಾರುತ್ತದೆ” ಎಂಬ ಮಾತನ್ನು ನಂಬಿ ಹಣ ಖರ್ಚು ಮಾಡಿದವರಿಗೆ ನಿರಾಸೆ ಖಂಡಿತ. ಪಾಯಿಂಟ್ ಸರಿಯಾಗಿದ್ದ ಜೀಪು ಕಿಟ್ ಹಾಕಿದ ಮೇಲೂ ಹಾಗೆಯೇ ಓಡುತ್ತದೆ. ಸಿಗುವ ಲಾಭ ಬಲದ್ದಲ್ಲ, ಮತ್ತೆ ಮತ್ತೆ ಉಜ್ಜಿ ಹೊಂದಿಸುವ ಕೆಲಸ ತಪ್ಪುವುದು ಮಾತ್ರ.

ದಾರಿಯಲ್ಲಿ ಕೆಟ್ಟರೆ

ಇನ್ನು ಅಪ್ಪನ ಮಾತು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವ ದಾರಿ 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಕಾಡಿನೊಳಗೆ ಹೋಗುತ್ತದೆ. ಮಹದೇಶ್ವರ ಬೆಟ್ಟದ ದಾರಿಯಲ್ಲೂ ತಿರುವಿನ ಮೇಲೆ ತಿರುವು, ಸುತ್ತ ಕಾಡು. ಅಂಥ ಕಡೆ ಗಾಡಿ ನಿಂತರೆ ವರ್ಕ್‌ಶಾಪು ಹುಡುಕುವ ಹಾಗಿಲ್ಲ, ಅನೇಕ ಕಡೆ ಮೊಬೈಲಿಗೂ ಸಿಗ್ನಲ್ ಇಲ್ಲ.

ಪಾಯಿಂಟಿನ ಒಂದು ದೊಡ್ಡ ಗುಣವೆಂದರೆ ಅದು ಹೇಳಿ ಕೆಡುತ್ತದೆ. ವಾರಗಟ್ಟಲೆ ಮೊದಲೇ ಸ್ಟಾರ್ಟಿಂಗ್ ತೊಂದರೆ, ಮುಗ್ಗರಿಕೆ ಶುರುವಾಗುತ್ತದೆ. ನಡುದಾರಿಯಲ್ಲೇ ನಿಂತರೂ ನಯವಾದ ಎಮರಿ ಕಾಗದದ ಚೂರಿನಿಂದ ಉಜ್ಜಿ, ಫೀಲರ್ ಗೇಜ್ ಇಲ್ಲದಿದ್ದರೆ ದಪ್ಪ ಕಾಗದ ಮಡಚಿ ಸಂದಿ ಅಂದಾಜು ಮಾಡಿ, ಊರು ಮುಟ್ಟಬಹುದು. ಎಲೆಕ್ಟ್ರಾನಿಕ್ ಮಾಡ್ಯೂಲು ಸಾಮಾನ್ಯವಾಗಿ ಬೇಗ ಕೆಡುವುದಿಲ್ಲ, ಕೆಟ್ಟರೆ ಮುನ್ಸೂಚನೆ ಕೊಡುವುದು ಕಡಿಮೆ. ಗಾಡಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಅಂಟು ಸುರಿದು ಮುಚ್ಚಿದ ಆ ಡಬ್ಬಿಯೊಳಗೆ ಯಾವ ಮೇಸ್ತ್ರಿಯೂ ಕೈಹಾಕಲಾರ. ಹೊಸದು ಬರುವ ತನಕ ಕಾಯಬೇಕು.

ಬ್ಯಾಟರಿಯ ಮಾತೂ ಇದೆ. ಸ್ಟಾರ್ಟರ್ ಒತ್ತಿದಾಗ ಬಳಲಿದ ಬ್ಯಾಟರಿಯ ವೋಲ್ಟೇಜು ಎಂಟು ಒಂಬತ್ತಕ್ಕೆ ಇಳಿಯುತ್ತದೆ. ಅಂಥ ಹೊತ್ತಿನಲ್ಲೂ, ಹ್ಯಾಂಡಲ್ ಹೊಡೆದರೆ ಇಲ್ಲವೇ ನಾಲ್ಕು ಜನ ತಳ್ಳಿದರೆ, ಪಾಯಿಂಟಿನ ಗಾಡಿ ಹೊತ್ತಿಕೊಳ್ಳುವ ಸಂಭವವುಂಟು. ಕೆಲವು ಮಾಡ್ಯೂಲುಗಳು ಅಷ್ಟು ಕಡಿಮೆ ವೋಲ್ಟೇಜಿಗೆ ಕೆಲಸವನ್ನೇ ಮಾಡುವುದಿಲ್ಲ. ಇಂಜಿನ್ ನಿಂತ ಮೇಲೂ ಬೀಗದ ಕೈ ತಿರುಗಿಸಿಯೇ ಬಿಟ್ಟರೆ ಸುಟ್ಟುಹೋಗುವ ಮಾಡ್ಯೂಲುಗಳೂ ಇವೆ.

ಹಾಗೆಂದು ಅಪ್ಪನೇ ಗೆದ್ದನೆಂದು ತೀರ್ಮಾನಿಸುವಂತಿಲ್ಲ. ಹಿಂದೆ ಪೇಟೆಯ ಯಾವ ಬಿಡಿಭಾಗದ ಅಂಗಡಿಯಲ್ಲೂ ಒಳ್ಳೆಯ ಪಾಯಿಂಟು, ಕಂಡೆನ್ಸರು ಸಿಗುತ್ತಿದ್ದವು. ಈಗ ಅವನ್ನು ಬೇಡುವ ಗಾಡಿಗಳೇ ಕಡಿಮೆ. ಕಳಪೆ ಮಾಲು ಕೈಗೆ ಬಂದರೆ ಹೊಸ ಕಂಡೆನ್ಸರೂ ತಿಂಗಳೊಪ್ಪತ್ತಿನಲ್ಲಿ ಕೈಕೊಡಬಹುದು. ಪಾಯಿಂಟ್ ಹೊಂದಿಸಬಲ್ಲ ಹಳೆಯ ಮೇಸ್ತ್ರಿಗಳೂ ವಿರಳವಾಗುತ್ತಿದ್ದಾರೆ. ‘ಯಾರು ಬೇಕಾದರೂ ರಿಪೇರಿ ಮಾಡಬಹುದು’ ಎಂಬ ವಾದ ನಿಲ್ಲುವುದು ರಿಪೇರಿ ಬಲ್ಲವರು ಇರುವ ತನಕ ಮಾತ್ರ.

ಮೊದಲು ರೋಗ, ಆಮೇಲೆ ಮದ್ದು

ನೆಗಡಿಯಾಯಿತೆಂದು ಮೂಗು ಕುಯ್ದುಕೊಳ್ಳಬಾರದು. ಕಿಟ್ಟಿಗೆ ಹಣ ಕೊಡುವ ಮುಂಚೆ ಜೀಪಿನ ಕಾಯಿಲೆ ನಿಜಕ್ಕೂ ಪಾಯಿಂಟಿನದೇ ಎಂದು ನೋಡಬೇಕು. ಪ್ಲಗ್ಗುಗಳ ತುದಿಯ ಬಣ್ಣ, ಪ್ಲಗ್ ವೈರುಗಳ ಬಿರುಕು, ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗಿನ ತೇವ, ಬ್ಯಾಟರಿಯ ತುದಿಗಳ ಕಿಲುಬು, ಇಂಜಿನ್ನಿನಿಂದ ಚಾಸಿಗೆ ಬರುವ ಅರ್ತ್ ವೈರು, ಇವೆಲ್ಲ ಖರ್ಚಿಲ್ಲದ ತಪಾಸಣೆಗಳು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪು, ಡಯಾಫ್ರಮ್ಮುಗಳಿಗೆ ಅದು ಒಗ್ಗದಿದ್ದರೆ ಕಾರ್ಬುರೇಟರಿಗೆ ಕಸ ಬಂದು ಇಂಜಿನ್ ಮುಗ್ಗರಿಸುತ್ತದೆ. ಆ ಮುಗ್ಗರಿಕೆಯೂ ಕಿಡಿಯ ದೋಷದಂತೆಯೇ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಡಿಸ್ಟ್ರಿಬ್ಯೂಟರಿನ ನಡುದಂಡವನ್ನು ಬೆರಳಿನಿಂದ ಅತ್ತಿತ್ತ ಅಲ್ಲಾಡಿಸಿ ನೋಡಬೇಕು. ಬುಷ್ ಸವೆದು ದಂಡ ಆಡುತ್ತಿದ್ದರೆ ಪಾಯಿಂಟಿನ ಸಂದಿ ಎಷ್ಟು ಸಲ ಹೊಂದಿಸಿದರೂ ನಿಲ್ಲದು. ಅದರ ಮೇಲೆ ಎಲೆಕ್ಟ್ರಾನಿಕ್ ಕೂರಿಸಿದರೂ ಕಿಡಿಯ ಕಾಲ ತೂಗಾಡುತ್ತಲೇ ಇರುತ್ತದೆ. ಬುಷ್ ಬದಲಾಯಿಸಿದರೆ ಅನೇಕ ಸಲ ಕಿಟ್ಟಿನ ಪ್ರಶ್ನೆಯೇ ಉಳಿಯುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಕಿಡಿ ಬರುತ್ತದೋ ಎಂದು ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಬಾರದು. ಎಲೆಕ್ಟ್ರಾನಿಕ್ ಕಾಯಿಲಿನ ಹೊಡೆತ ಇನ್ನೂ ಜೋರು. ಪೆಟ್ರೋಲಿನ ಆವಿ ಇರುವಲ್ಲಿ ಕಿಡಿಯ ಪರೀಕ್ಷೆ ಬೇಡವೇ ಬೇಡ. ಹಿರಿಯರು, ಬಲ್ಲ ಮೇಸ್ತ್ರಿ ಜೊತೆಗಿರಲಿ.

ಹಾಗಾದರೆ ಏನು ಮಾಡಬೇಕು?

ಪೇಟೆಯ ಸುತ್ತಮುತ್ತ ಓಡುವ, ಮಾಲೀಕನಿಗೆ ಬಾನೆಟ್ ಎತ್ತಲು ಪುರುಸೊತ್ತಿಲ್ಲದ ಜೀಪಿಗೆ ಎಲೆಕ್ಟ್ರಾನಿಕ್ ಕಿಟ್ ಒಳ್ಳೆಯದೇ. ಹನೂರು, ಯಳಂದೂರಿನ ಕಾಡುದಾರಿಯಲ್ಲಿ ದುಡಿಯುವ ಗಾಡಿಗೆ ಮೊದಲ ಮದ್ದು ಬುಷ್, ವೈರು, ಪ್ಲಗ್ಗು ಮತ್ತು ಒಳ್ಳೆಯ ಪಾಯಿಂಟ್ ಜೋಡಿ. ಅಷ್ಟು ಮಾಡಿದ ಮೇಲೂ ಒಳ್ಳೆಯ ಪಾಯಿಂಟು ಸಿಗುತ್ತಿಲ್ಲ ಎಂದಾದರೆ ಕಿಟ್ ಹಾಕಿಸಬಹುದು. ಆದರೆ ಮೂರು ಷರತ್ತು. ಕಿಟ್ಟು ಗಾಡಿಯ ವೋಲ್ಟೇಜಿಗೆ, ಅರ್ತಿಗೆ ಹೊಂದಬೇಕು. 6 ವೋಲ್ಟಿನ ಗಾಡಿಗಳೂ, ಬ್ಯಾಟರಿಯ ಧನ ತುದಿಯನ್ನು ಚಾಸಿಗೆ ಕೊಟ್ಟಿರುವ ಹಳೆಯ ಇಂಗ್ಲಿಷ್ ಮಾದರಿಗಳೂ ಉಂಟು, ತಪ್ಪಿದರೆ ಮಾಡ್ಯೂಲು ಮೊದಲ ದಿನವೇ ಸುಡುತ್ತದೆ. ಕಾಯಿಲಿನ ರೋಧ ಕಿಟ್ಟಿನವರು ಹೇಳಿದಷ್ಟೇ ಇರಬೇಕು. ಡಿಸ್ಟ್ರಿಬ್ಯೂಟರನ್ನು ಕೊರೆಯದೆ, ಕತ್ತರಿಸದೆ ಕೂರುವಂಥದ್ದಾಗಬೇಕು. ಹಾಗಿದ್ದರೆ ತೆಗೆದ ಪಾಯಿಂಟ್, ಕಂಡೆನ್ಸರುಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಸ್ಕ್ರೂಡ್ರೈವರಿನ ಜೊತೆ ಸೀಟಿನಡಿ ಇಟ್ಟುಕೊಳ್ಳಬಹುದು. ಮಾಡ್ಯೂಲು ಕೈಕೊಟ್ಟ ದಿನ ಅವು ಮನೆ ಮುಟ್ಟಿಸುತ್ತವೆ.

ಕಾನೂನಿನ ದೃಷ್ಟಿಯಿಂದಲೂ ಈ ದಾರಿ ಲೇಸು. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಐವತ್ತು ವರ್ಷ ದಾಟಿ ಮೂಲರೂಪದಲ್ಲಿ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಚಾಸಿ, ಕವಚ, ಇಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದನ್ನೂ ಗಮನಿಸಬೇಕು. ಇಂದು ದುಡಿಯುವ ಜೀಪು ಮುಂದೊಂದು ದಿನ ವಿಶ್ರಾಂತಿಗೆ ಹೋದಾಗ, ಮೂಲ ಭಾಗಗಳು ಕೈಯಲ್ಲಿದ್ದರೆ ಹಿಂದಿನ ರೂಪಕ್ಕೆ ತರುವುದು ಅರ್ಧ ಗಂಟೆಯ ಕೆಲಸ.

ಇದರಲ್ಲಿ ಪೋಷಕರು ಯೋಚಿಸಬೇಕಾದ ಮಾತೂ ಒಂದಿದೆ. ಸೀಟಿನಡಿಯ ಪಾಯಿಂಟನ್ನು ಕೂರಿಸಲು ಬಾರದವರಿಗೆ ಅದು ಇದ್ದೂ ಇಲ್ಲದಂತೆಯೇ. ಬಿಡುವಿನ ಭಾನುವಾರ ಬಾನೆಟ್ ಎತ್ತಿ, ಫೀಲರ್ ಗೇಜನ್ನು ಮಗಳ ಕೈಗೆ ಕೊಟ್ಟು, ಅರ್ಧ ಮಿಲಿಮೀಟರಿನ ಸಂದಿಯನ್ನು ಅವಳೇ ಹೊಂದಿಸಲಿ. ಹೆಣ್ಣುಮಕ್ಕಳಿಗೇಕೆ ಗ್ರೀಸಿನ ಕೆಲಸ ಎನ್ನುವುದು ಬೇಡ. ರಾತ್ರಿ ಕಾಡಿನಲ್ಲಿ ನಿಂತ ಗಾಡಿ, ಎದುರಿಗಿರುವವರು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಪ್ರೇರಣೆ, ಧಾರಕ, ಹಾಲ್ ಪರಿಣಾಮ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಪದಗಳು ಕೈಗೆ ತಾಗುವುದು ಇಂಥಲ್ಲೇ.

ಮಾಡಿ ನೋಡಿ: ಮನೆಯಲ್ಲಿ ಹಳೆಯ ಜಾವಾ ಅಥವಾ ಯೆಜ್ಡಿ 250 ಇದ್ದರೆ ಮೇಲಿನ ಲೆಕ್ಕವನ್ನು ಅದಕ್ಕೂ ಹಾಕಿ. ಅದು ಒಂದೇ ಸಿಲಿಂಡರಿನ, ಎರಡು ಹೊಡೆತದ ಇಂಜಿನ್, ಪ್ರತಿ ಸುತ್ತಿಗೂ ಒಂದು ಕಿಡಿ. 4,000 ಸುತ್ತಿನಲ್ಲಿ ಸೆಕೆಂಡಿಗೆ ಎಷ್ಟು ಕಿಡಿ? ಅರ್ಧ ಕಾಲ ಪಾಯಿಂಟ್ ಕೂಡಿರುತ್ತದೆ ಎಂದುಕೊಂಡರೆ, ಕಾಯಿಲ್ ತುಂಬಿಕೊಳ್ಳಲು ಎಷ್ಟು ಮಿಲಿಸೆಕೆಂಡು ಸಿಗುತ್ತದೆ? ಜೀಪಿನ ಉತ್ತರದ ಪಕ್ಕದಲ್ಲಿ ಇದನ್ನು ಬರೆದು, ಈ ಬೈಕಿಗೆ ಎಲೆಕ್ಟ್ರಾನಿಕ್ ಕಿಟ್ ಬೇಕೇ ಬೇಡವೇ ಎಂದು ಮನೆಯವರ ಜೊತೆ ಕುಳಿತು ತೀರ್ಮಾನಿಸಿ.